ತೆಪ್ಪದ ಚಿತ್ರವೂ ಕಲ್ಲಿನ ತೆನೆಯೂ

ಕಳೆದ ಮಾಘಮಾಸದ ಒಂದು ಭಾನುವಾರ ಸಂಜೆ ನಮ್ಮ ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಮೆಟ್ಟಿಲ ಮೇಲೆ ಕುಳಿತಿದ್ದೆ. ನಿವೃತ್ತನಾದ ಮೇಲೆ ಇದು ನನ್ನ ನಿತ್ಯದ ಅಭ್ಯಾಸ. ನಲವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರು ಹನ್ನೆರಡು ವರ್ಷದ ಮಗನನ್ನು ಕರೆತಂದು ಹೊರಗೋಡೆಯ ವಿಗ್ರಹಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ನನ್ನನ್ನು ಕಂಡೊಡನೆ ಹತ್ತಿರ ಬಂದು ನಮಸ್ಕರಿಸಿ, "ಮೇಷ್ಟ್ರೇ, ಗುರುತು ಸಿಕ್ತಾ? ತೊಂಬತ್ತನಾಲ್ಕರಲ್ಲಿ ಎಂಟನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು" ಎಂದರು. ಮುಖ ನೆನಪಾಯಿತು. ಆಮೇಲೆ ಆತ ಮಗನ ಕಡೆ ತಿರುಗಿ, "ನಾನು ಹೇಳ್ತಿರಲಿಲ್ವೇನೋ, ಹೊಯ್ಸಳರ ಕಾಲದಲ್ಲೇ ನಮ್ಮೋರು ಅಮೆರಿಕಕ್ಕೆ ಹೋಗಿ ಮುಸುಕಿನ ಜೋಳ ತಂದಿದ್ರು ಅಂತ? ಇವರೇ ಕಣೋ ಹೇಳಿಕೊಟ್ಟ ಮೇಷ್ಟ್ರು" ಎಂದ.

ಹುಡುಗ ನನ್ನನ್ನು ಬಹಳ ಗೌರವದಿಂದ ನೋಡಿದ. ನನಗಾದರೋ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆತ ಹೇಳಿದ್ದು ಸತ್ಯ. ಸುಮಾರು ಹತ್ತು ವರ್ಷಗಳ ಕಾಲ ನಾನು ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಹೇಳಬಾರದಿತ್ತು. ಆ ತಪ್ಪು ಹೇಗಾಯಿತು, ಅದರಲ್ಲಿ ಒಂದು ತೆಪ್ಪದ ಪಾತ್ರವೇನು ಎಂಬುದನ್ನು ಓದುಗರ ಮುಂದೆ ಇಡುವುದು ನನ್ನ ಮೇಲಿರುವ ಋಣ.

ತೆಪ್ಪವೆಂದರೆ ನಮ್ಮ ಸೀಮೆಯವರಿಗೆ ಹೊಸದಲ್ಲ. ಬಾಲ್ಯದಲ್ಲಿ, ಕೆರೆ ತುಂಬಿದ ವರ್ಷಗಳಲ್ಲಿ, ಗೊನೆ ಕಡಿದ ಬಾಳೆಯ ದಿಂಡುಗಳನ್ನು ನಾಲ್ಕೈದು ಸೇರಿಸಿ, ಅಡ್ಡಲಾಗಿ ಬಿದಿರಿನ ಗಳ ಚುಚ್ಚಿ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ನಾವು ನೀರಿಗೆ ಬಿಡುತ್ತಿದ್ದೆವು. ತೂಬಿನಿಂದ ಆಚೆಗೆ ಹೋಗಕೂಡದೆಂದು ಮನೆಯವರ ಕಟ್ಟಪ್ಪಣೆ. ಆಚೆಗೆ ಹೋದದ್ದು, ದಿಂಡು ನೀರು ಕುಡಿದು ಭಾರವಾದದ್ದು, ಬೆನ್ನಿಗೆ ಹುಣಿಸೆಬರಲು ಬಿದ್ದದ್ದು ಇವೆಲ್ಲ ಬೇರೆಯ ಕಥೆ. ಅಂತಹ ಹುಡುಗನೊಬ್ಬ ಮುಂದೆ ಅಧ್ಯಾಪಕನಾಗಿ, ಆರು ಮಂದಿ ಒಂಬತ್ತು ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿಕೊಂಡು ಪೆಸಿಫಿಕ್ ಸಾಗರವನ್ನು ಹಾದುಹೋದ ವೃತ್ತಾಂತವನ್ನು ಓದಿದರೆ ಅವನ ಮನಸ್ಸು ಏನಾದೀತು? ಥಾರ್ ಹೆಯರ್‌ಡಾಲರ 'ಕಾನ್-ಟಿಕಿ' ಗ್ರಂಥವನ್ನು ಎರವಲು ತಂದು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದ್ದೆ.

ಇದಾದ ಕೆಲವು ವರ್ಷಗಳ ಮೇಲೆ ಮತ್ತೊಂದು ಸುದ್ದಿ ಕಣ್ಣಿಗೆ ಬಿತ್ತು. ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸನ್ ಮತ್ತು ಆ್ಯನ್ ಪಾರ್ಕರ್ ಎಂಬುವರು 1989ರಲ್ಲಿ ಒಂದು ಸಂಶೋಧನ ಲೇಖನವನ್ನು ಪ್ರಕಟಿಸಿದ್ದರು. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ಗೋಡೆಗಳಲ್ಲಿ ದೇವತೆಗಳೂ ಪರಿಚಾರಕಿಯರೂ ಕೈಯಲ್ಲಿ ಹಿಡಿದಿರುವ ಕಾಳುಕಾಳಾದ ವಸ್ತು ಮುಸುಕಿನ ಜೋಳದ ತೆನೆಯೇ ಎಂದು ಅವರ ವಾದ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ; ಮೆಕ್ಸಿಕೋದ ಜನ ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಅದನ್ನು ಪಳಗಿಸಿದರು. ಕೊಲಂಬಸನು ಆ ಖಂಡವನ್ನು ಮುಟ್ಟಿದ್ದು 1492ರಲ್ಲಿ. ಸೋಮನಾಥಪುರದ ಗುಡಿ ಹದಿಮೂರನೆಯ ಶತಮಾನದ್ದು. ಹಾಗಾದರೆ ಆ ತೆನೆ ಇಲ್ಲಿಗೆ ಬಂದದ್ದು ಹೇಗೆ?

ನನ್ನ ತಲೆಯಲ್ಲಿ ಆಗಲೇ ಒಂದು ತೆಪ್ಪ ತೇಲುತ್ತಿತ್ತು. ಎರಡನ್ನೂ ಗಂಟುಹಾಕಲು ಎಷ್ಟು ಹೊತ್ತು ಬೇಕು! ಸಾಗರವನ್ನು ದಿಮ್ಮಿಗಳ ಮೇಲೆ ದಾಟಬಹುದೆಂದು ಹೆಯರ್‌ಡಾಲ್ ತೋರಿಸಿದ್ದಾರೆ. ತೆನೆ ನಮ್ಮ ಕಲ್ಲಿನಲ್ಲಿದೆ. ಆದಕಾರಣ ನಮ್ಮವರು ಹೋಗಿದ್ದರು. ಹುಡುಗರ ಕಣ್ಣುಗಳು ಅರಳುತ್ತಿದ್ದವು. ಇತಿಹಾಸದ ಪಾಠದಲ್ಲಿ ಹುಡುಗರ ಕಣ್ಣು ಅರಳುವುದು ಎಷ್ಟು ಅಪರೂಪವೆಂಬುದು ಅಧ್ಯಾಪಕರಾದವರಿಗೆ ಗೊತ್ತು. ಆ ಸುಖಕ್ಕೆ ನಾನು ಮಾರುಹೋದೆ.

ನನ್ನ ನಂಬಿಕೆಯನ್ನು ಅಲುಗಿಸಿದ್ದು ಯಾವ ಪಂಡಿತರ ಖಂಡನೆಯೂ ಅಲ್ಲ. ಹೆಯರ್‌ಡಾಲರೇ ತೆಗೆದ ಸಾಕ್ಷ್ಯಚಿತ್ರ. 2004ರಲ್ಲಿ ಬೆಂಗಳೂರಿನಲ್ಲಿದ್ದ ಮಗ ಅದರ ಡಿವಿಡಿ ತಂದುಕೊಟ್ಟ. ಪುಸ್ತಕ ಓದಿ ಎಷ್ಟೋ ವರ್ಷಗಳಾದ ಮೇಲೆ ಚಿತ್ರ ನೋಡಿದೆ.

1950ರಲ್ಲಿ ತೆರೆಕಂಡ ಈ ಕಪ್ಪು-ಬಿಳುಪಿನ ಚಿತ್ರ 1951ನೇ ಸಾಲಿನ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪಡೆಯಿತು. ಪ್ರಶಸ್ತಿಯ ಮಾತು ಕೇಳಿ ಭಾರಿ ದೃಶ್ಯವೈಭವವನ್ನು ನಿರೀಕ್ಷಿಸಿ ಕುಳಿತವರಿಗೆ ನಿರಾಶೆಯಾದೀತು. ತೆಪ್ಪದ ಮೇಲಿದ್ದವರಾರೂ ಛಾಯಾಗ್ರಾಹಕರಲ್ಲ. ಕೈಯಲ್ಲಿ ಹಿಡಿಯುವ ಹದಿನಾರು ಮಿಲಿಮೀಟರಿನ ಸಣ್ಣ ಕ್ಯಾಮೆರಾ, ಉಪ್ಪುನೀರಿನ ಸಿಂಚನ, ಅಲುಗಾಡುವ ನೆಲ. ಸ್ವೀಡನ್ನಿನ ಓಲೆ ನೂರ್ಡೆಮಾರ್ ಆ ಸುರುಳಿಗಳನ್ನು ಜೋಡಿಸಿ ನೋಡುವಂತೆ ಮಾಡಿದರು.

1947ರ ಏಪ್ರಿಲ್ 28ರಂದು ಪೆರು ದೇಶದ ಕಯ್ಯಾವೋ ಬಂದರಿನಿಂದ ತೆಪ್ಪವನ್ನು ಹಡಗೊಂದು ಎಳೆದುಕೊಂಡು ಹೋಗಿ ಕಡಲಿನಲ್ಲಿ ಬಿಟ್ಟಿತು. ಒಂಬತ್ತು ಬಾಲ್ಸಾ ದಿಮ್ಮಿಗಳು. ಅವುಗಳ ಮೇಲೆ ಬಿದಿರಿನ ಗುಡಿಸಲು, ಅದಕ್ಕೆ ಬಾಳೆಯೆಲೆಯ ಹೊದಿಕೆ. ಒಂದು ಚೌಕ ಹಾಯಿ. ಒಂದು ಮೊಳೆಯೂ ಇಲ್ಲ, ತಂತಿಯೂ ಇಲ್ಲ. ಎಲ್ಲವೂ ಸೆಣಬಿನ ಜಾತಿಯ ಹಗ್ಗದ ಕಟ್ಟು. ಹಗ್ಗಗಳು ದಿಮ್ಮಿಗಳ ತಿಕ್ಕಾಟದಲ್ಲಿ ಎರಡು ವಾರಗಳೊಳಗೆ ಸವೆದು ಹೋಗುತ್ತವೆಂದು ಬಲ್ಲವರು ಎಚ್ಚರಿಸಿದ್ದರು. ಆದದ್ದೇ ಬೇರೆ. ಬಾಲ್ಸಾ ಬಹಳ ಮೆದುವಾದ ಮರ. ಹಗ್ಗಗಳು ಅದರೊಳಕ್ಕೆ ಕಚ್ಚಿಕೊಂಡು ಹೂತುಹೋದವು, ಮರವೇ ಅವುಗಳಿಗೆ ರಕ್ಷೆಯಾಯಿತು. ಇದನ್ನು ತಿಳಿದಾಗ ಬಾಳೆದಿಂಡಿನೊಳಕ್ಕೆ ಇಳಿದು ಕೂರುತ್ತಿದ್ದ ನಮ್ಮ ನಾರಿನ ಹಗ್ಗ ನೆನಪಿಗೆ ಬಂದಿತು. ತಂತಿ ಬಳಸಿದ್ದರೆ ದಿಮ್ಮಿಗಳನ್ನೇ ಗರಗಸದಂತೆ ಕೊಯ್ದುಬಿಡುತ್ತಿತ್ತು.

ಚಿತ್ರದಲ್ಲಿ ಕಾಣುವುದು ಬಹುಮಟ್ಟಿಗೆ ಸಂಸಾರದ ಕೆಲಸಗಳೇ. ಬೆಳಗಾಗುವಷ್ಟರಲ್ಲಿ ತೆಪ್ಪದ ಮೇಲೆ ತಾವಾಗಿ ಬಂದು ಬಿದ್ದಿರುವ ಹಾರುಮೀನುಗಳನ್ನು ಆಯ್ದು ಹುರಿಯುವುದು, ಗಡ್ಡ ಬೆಳೆದ ಮಂದಿ ಗಿಳಿಯೊಂದನ್ನು ಮುದ್ದಿಸುವುದು, ರೇಡಿಯೋ ಮುಂದೆ ಕೂತು ಕೀಲಿ ಒತ್ತುವುದು, ಶಾರ್ಕ್ ಮೀನನ್ನು ಬಾಲ ಹಿಡಿದು ಮೇಲಕ್ಕೆ ಎಳೆಯುವುದು. ರಬ್ಬರ್ ದೋಣಿಯೊಂದರಲ್ಲಿ ಸ್ವಲ್ಪ ದೂರ ಹೋಗಿ ಅಲ್ಲಿಂದ ತೆಪ್ಪವನ್ನು ತೆಗೆದ ದೃಶ್ಯಗಳಿವೆ. ಅಲೆಯ ಹಿಂದೆ ಗುಡಿಸಲು ಪೂರ್ತಿ ಮರೆಯಾಗುತ್ತದೆ, ಹಾಯಿಯ ತುದಿ ಮಾತ್ರ ಉಳಿಯುತ್ತದೆ, ಮತ್ತೆ ಮೇಲೇಳುತ್ತದೆ. ಅದನ್ನು ನೋಡುವಾಗ ನನ್ನ ಶ್ರೀಮತಿ "ಅಯ್ಯೋ, ಇವರಿಗೇನು ಹೆಂಡ್ತಿ ಮಕ್ಕಳಿಲ್ವೇ?" ಎಂದಳು. ಇದ್ದರು.

ಆದರೆ ಕಾಣದೆ ಇರುವುದೇ ಹೆಚ್ಚು. ಹರ್ಮನ್ ವಾಟ್ಸಿಂಗರ್ ಎಂಬಾತ ಗಾಳಿಗೆ ಹಾರಿದ ವಸ್ತುವನ್ನು ಹಿಡಿಯಹೋಗಿ ನೀರಿಗೆ ಬಿದ್ದ. ತೆಪ್ಪಕ್ಕೆ ಹಿಂದೆ ತಿರುಗುವ ಶಕ್ತಿಯಿಲ್ಲ. ಬಿದ್ದವನು ಹಿಂದೆ ಉಳಿದುಹೋಗುತ್ತಾನೆ. ಕ್ನುಟ್ ಹೌಗ್ಲಂಡ್ ಹಗ್ಗ ಕಟ್ಟಿದ ತೇಲುಬಿಲ್ಲೆಯನ್ನು ಹಿಡಿದು ಧುಮುಕಿ ಅವನನ್ನು ಉಳಿಸಿದ. ಇದು ಪುಸ್ತಕದಲ್ಲಿದೆ, ಚಿತ್ರದಲ್ಲಿಲ್ಲ. ನೂರ ಒಂದನೆಯ ದಿನ, ಆಗಸ್ಟ್ 7ರಂದು, ಟುವಾಮೋಟು ದ್ವೀಪಸ್ತೋಮದ ರರೋಯಾ ಎಂಬಲ್ಲಿ ತೆಪ್ಪ ಹವಳದ ದಿಬ್ಬಕ್ಕೆ ಅಪ್ಪಳಿಸಿತು. ಆ ಗಳಿಗೆಯೂ ಚಿತ್ರದಲ್ಲಿಲ್ಲ. ಆರು ಮಂದಿಯೂ ಕಂಬ ಹಗ್ಗಗಳನ್ನು ತಬ್ಬಿ ಪ್ರಾಣ ಉಳಿಸಿಕೊಳ್ಳುತ್ತಿದ್ದಾಗ ಕ್ಯಾಮೆರಾ ಹಿಡಿಯುವವರಾರು? ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ಈ ಚಿತ್ರವನ್ನು ಮೆಚ್ಚಿದ್ದು ಈ ಕೊರತೆಗಾಗಿಯೇ: ಇಲ್ಲದ ದೃಶ್ಯಗಳೇ ಅಪಾಯದ ನಿಜವಾದ ಗುರುತು. 2012ರಲ್ಲಿ ನಾರ್ವೆಯವರು ಇದೇ ಪ್ರಯಾಣವನ್ನು ಕಥಾಚಿತ್ರವಾಗಿ ತೆಗೆದು ಇಲ್ಲದ ದೃಶ್ಯಗಳನ್ನೆಲ್ಲ ತುಂಬಿದರು. ವಾಟ್ಸಿಂಗರ್ ಅದರಲ್ಲಿ ಪುಕ್ಕಲನಾಗಿ ಕಾಣುತ್ತಾನೆ, ಬಲ್ಲವರು ಆಕ್ಷೇಪಿಸಿದರು. ಖಾಲಿ ಜಾಗವನ್ನು ತುಂಬುವ ಉತ್ಸಾಹದಲ್ಲಿ ಸತ್ತವರಿಗೆ ಅನ್ಯಾಯವಾಗುವುದುಂಟು.

ಚಿತ್ರ ಮುಗಿದ ಮೇಲೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾನು ಕಣ್ಣಾರೆ ಕಂಡದ್ದೇನು? 1947ರಲ್ಲಿ ಆರು ಮಂದಿ ಸುಮಾರು 4,300 ಮೈಲಿ ತೇಲಿದ್ದನ್ನು. ಅದಕ್ಕಿಂತ ಹಿಂದೆ ಮತ್ತಾರಾದರೂ ತೇಲಿದ್ದನ್ನು ಆ ಚಿತ್ರ ಹೇಗೆ ತೋರಿಸೀತು? ಪೆಸಿಫಿಕ್ ದ್ವೀಪಗಳಿಗೆ ಮೊದಲು ಜನ ಬಂದದ್ದು ದಕ್ಷಿಣ ಅಮೆರಿಕದಿಂದ ಎಂಬುದು ಹೆಯರ್‌ಡಾಲರ ಸಿದ್ಧಾಂತ. ಪಯಣ ಸಾಧ್ಯವೆಂದು ಅವರು ಸಾಧಿಸಿದರು. ಪಯಣ ನಡೆಯಿತೆಂದು ಸಾಧಿಸಲಿಲ್ಲ. ಭಾಷೆ, ಮಡಕೆ, ಬೆಳೆ, ರಕ್ತ ಎಲ್ಲವೂ ಆ ಜನರು ಏಷ್ಯದ ಕಡೆಯಿಂದ ಬಂದವರೆಂದು ಹೇಳುತ್ತವೆ. ಪ್ರಾಚೀನ ಕಾಲದಲ್ಲಿ ಗಡ್ಡವಿದ್ದ ಬಿಳಿಯರು ನಾಗರಿಕತೆಯನ್ನು ಹೊತ್ತು ತಂದರೆಂಬ ಎಳೆಯೊಂದು ಅವರ ಬರೆಹಗಳಲ್ಲಿ ಸೇರಿಕೊಂಡಿದೆ. ಅದನ್ನು ಓದುವಾಗ ನನಗೆ ಮುಜುಗರವಾಗುತ್ತದೆ. ಆ ದ್ವೀಪಗಳ ಜನರ ನೌಕಾವಿದ್ಯೆಯನ್ನು ಅವರು ತಕ್ಕಷ್ಟು ಗೌರವಿಸಲಿಲ್ಲ. ಇದಕ್ಕೆ ಉತ್ತರ ಕಡಲಿನ ಮೇಲೆಯೇ ಬಂತು. 1976ರಲ್ಲಿ ಹವಾಯಿಯವರು 'ಹೋಕುಲೇಆ' ಎಂಬ ಜೋಡಿದೋಣಿಯಲ್ಲಿ ತಾಹಿತಿಗೆ ಹೋದರು. ದಾರಿ ತೋರಿದ ಮೌ ಪಿಯಾಯ್ಲುಗ್ ದಿಕ್ಸೂಚಿಯನ್ನೂ ಮುಟ್ಟಲಿಲ್ಲ. ನಕ್ಷತ್ರ, ಅಲೆ, ಹಕ್ಕಿಗಳೇ ಅವನ ನಕ್ಷೆ. 1983ರಲ್ಲಿ ಸ್ಯಾಮ್ ಲೋ ಅವರು ತೆಗೆದ 'ದಿ ನ್ಯಾವಿಗೇಟರ್ಸ್' ಈ ವಿದ್ಯೆಯನ್ನು ಕುರಿತ ಸಾಕ್ಷ್ಯಚಿತ್ರ. ಎರಡನ್ನೂ ಜೊತೆಯಾಗಿ ನೋಡಬೇಕು.

ಹೆಯರ್‌ಡಾಲ್ ಸುಮ್ಮನೆ ಕೂರಲಿಲ್ಲ. ಈಜಿಪ್ಟಿನ ಪಿರಮಿಡ್ಡುಗಳ ಬಳಿ ಜಂಬುಹುಲ್ಲಿನಂತಹ ಪಪೈರಸ್ಸಿನಿಂದ 'ರಾ' ಎಂಬ ನಾವೆಯನ್ನು ಕಟ್ಟಿಸಿ 1969ರ ಮೇ ತಿಂಗಳಲ್ಲಿ ಮೊರಾಕ್ಕೋದಿಂದ ಹೊರಟರು. ಅಟ್ಲಾಂಟಿಕ್ ದಾಟುವ ಮೊದಲೇ ಅದನ್ನು ಕೈಬಿಡಬೇಕಾಯಿತು. ಮರುವರ್ಷ 'ರಾ-2' ಐವತ್ತೇಳು ದಿನಗಳಲ್ಲಿ ಬಾರ್ಬಡೋಸ್ ಮುಟ್ಟಿತು. ಈ ಎರಡು ಯಾತ್ರೆಗಳ ಚಿತ್ರ 1972ರಲ್ಲಿ ಬಂತು. ಸಾಗರದ ಮಧ್ಯೆ ಡಾಂಬರಿನ ಉಂಡೆಗಳು ತೇಲುವುದನ್ನು ಲೋಕಕ್ಕೆ ತಿಳಿಸಿದ್ದು ಆ ಪ್ರಯಾಣದ ಬಹುದೊಡ್ಡ ಲಾಭವೆಂದು ನನ್ನ ಎಣಿಕೆ. 1977-78ರಲ್ಲಿ 'ಟೈಗ್ರಿಸ್' ಎಂಬ ಜೊಂಡಿನ ನಾವೆ ಇರಾಕಿನಿಂದ ಬಹರೇನ್, ಮಸ್ಕತ್ ಮಾರ್ಗವಾಗಿ ಸಿಂಧೂ ಕಣಿವೆಯ ಕಡೆಗೆ ಬಂದು, ಅಲ್ಲಿಂದ ಆಫ್ರಿಕದ ಜಿಬೂತಿಗೆ ಹೋಯಿತು. ಸುತ್ತಲ ದೇಶಗಳ ಯುದ್ಧಗಳನ್ನು ಪ್ರತಿಭಟಿಸಿ 1978ರ ಏಪ್ರಿಲ್ 3ರಂದು ಅದಕ್ಕೆ ಅವರೇ ಬೆಂಕಿಯಿಟ್ಟರು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಹೆಯರ್‌ಡಾಲ್ 2002ರಲ್ಲಿ ತೀರಿಕೊಂಡರು. ಅವರು ಬದುಕಿದ್ದರೆ 2020ರಲ್ಲಿ ಸಂತೋಷಪಡುತ್ತಿದ್ದರೋ ಕೋಪಿಸಿಕೊಳ್ಳುತ್ತಿದ್ದರೋ ತಿಳಿಯದು. ಆ ವರ್ಷ 'ನೇಚರ್' ಪತ್ರಿಕೆಯಲ್ಲಿ 807 ಮಂದಿಯ ವಂಶವಾಹಿಗಳ ಅಧ್ಯಯನವೊಂದು ಪ್ರಕಟವಾಯಿತು. ಪೂರ್ವ ಪೆಸಿಫಿಕ್ಕಿನ ಕೆಲವು ದ್ವೀಪಗಳ ಜನರಲ್ಲಿ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಅಂಶ ಸ್ವಲ್ಪವಿದೆ. ಅದು ಸೇರಿದ್ದು ಹೆಚ್ಚುಕಡಮೆ ಕ್ರಿ.ಶ. 1200ರ ಸುಮಾರಿನಲ್ಲಿ. ಅಂದರೆ ಎರಡು ಜನಾಂಗಗಳು ಸಂಧಿಸಿದ್ದು ನಿಜ. ಯಾರು ಯಾರ ಕಡೆಗೆ ಹೋದರೆಂಬುದನ್ನು ರಕ್ತ ಹೇಳುವುದಿಲ್ಲ. ದ್ವೀಪದವರೇ ಹೋಗಿ ಬಂದಿರಬಹುದು. ದ್ವೀಪಗಳಿಗೆ ಜನ ಬಂದ ಮೂಲದ ಬಗ್ಗೆ ಹೆಯರ್‌ಡಾಲ್ ಸೋತರು, ಸಂಪರ್ಕವಿತ್ತೆಂಬ ಮಾತಿನಲ್ಲಿ ಅರ್ಧ ಗೆದ್ದರು. ಆ ಅರ್ಧ ಗೆಲುವನ್ನು ತಂದುಕೊಟ್ಟದ್ದೂ ತೆಪ್ಪವಲ್ಲ, ಜನರ ಮೈಯೊಳಗೇ ಉಳಿದಿದ್ದ ಗುರುತು.

ಕ್ರಿ.ಶ. 1200ರ ಸುಮಾರು ಎಂದರೆ ನಮ್ಮ ಸೀಮೆಯಲ್ಲಿ ಯಾವ ಕಾಲ? ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ನಾನು ಕುಳಿತುಕೊಳ್ಳುವ ಹಾರನಹಳ್ಳಿಯ ಈ ಗುಡಿಯನ್ನು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಸೋದರರು ಕಟ್ಟಿಸಿದ್ದು 1235ರ ಸುಮಾರಿನಲ್ಲಿ. ಪೆಸಿಫಿಕ್ಕಿನ ಆ ಭೇಟಿ ನಡೆದ ತಲೆಮಾರುಗಳಲ್ಲೇ ನಮ್ಮ ರೂವಾರಿಗಳು ಇಲ್ಲಿ ಬಳಪದ ಕಲ್ಲನ್ನು ಕೆತ್ತುತ್ತಿದ್ದರು. ಕಾಲ ಒಂದೇ ಎಂದ ಮಾತ್ರಕ್ಕೆ ಸಂಬಂಧ ಉಂಟಾಗುವುದಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ಇದೇ ಸಂಗತಿ 1994ರಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಎಂಟನೇ ತರಗತಿಯಲ್ಲಿ ಇದನ್ನು ಏನು ಮಾಡುತ್ತಿದ್ದೆನೋ!

ಇನ್ನು ಕಲ್ಲಿನ ತೆನೆಯ ವಿಚಾರ. ಜೊಹಾನೆಸನ್ನರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕಾಳುಗಳು ಸಾಲಾಗಿರುವುದು, ತುದಿಗೆ ಹೋದಂತೆ ಸಣ್ಣಗಾಗುವುದು, ಒಂದು ಇನ್ನೊಂದರ ಪಡಿಯಚ್ಚಾಗಿರದೆ ನಿಜವಾದ ತೆನೆಗಳಂತೆ ಭಿನ್ನವಾಗಿರುವುದು ಇವನ್ನೆಲ್ಲ ಅವರು ಶ್ರದ್ಧೆಯಿಂದ ಅಳೆದು ನೋಡಿದ್ದರು. ಸೋಮನಾಥಪುರದಲ್ಲಿ ಅವನ್ನು ನೋಡಿದ ಯಾವ ರೈತನಿಗೂ ಮೊದಲು ಹೊಳೆಯುವುದು ಮುಸುಕಿನ ಜೋಳವೇ. ಆದರೆ ಮೆಕ್ಕೆಜೋಳದ ಅಧ್ಯಯನದಲ್ಲೇ ಪರಿಣತರಾದ ಪಾಯಕ್ ಮತ್ತು ಸಚಾನ್ ಎಂಬ ನಮ್ಮ ವಿಜ್ಞಾನಿಗಳು 1993ರಲ್ಲಿ ಇದನ್ನು ಅಲ್ಲಗಳೆದರು. 1991ರಲ್ಲಿಯೇ ವೀಣಾ ಮತ್ತು ಸಿಗಾಮಣಿ ಎಂಬುವರು ಅದು 'ಮುಕ್ತಾಫಲ', ಎಂದರೆ ಮುತ್ತುಗಳಿಂದ ತುಂಬಿದ ಕಲ್ಪಿತ ಫಲ ಎಂದು ಬರೆದಿದ್ದರು. ನಾನು ಮೊದಲ ಸುದ್ದಿಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಉತ್ತರ ಬಂದಿರಬಹುದೇ ಎಂದು ಹುಡುಕುವ ಕಷ್ಟವನ್ನು ತೆಗೆದುಕೊಂಡಿರಲಿಲ್ಲ. ತಪ್ಪೆಲ್ಲ ಇಲ್ಲಿಯೇ ಇದೆ.

ಹೊಯ್ಸಳ ಶಿಲ್ಪಿಗೆ ಮುತ್ತಿನ ಮೇಲೆ ಎಂತಹ ಮೋಹವೆಂಬುದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಹಳೇಬೀಡಿನ ಯಾವುದಾದರೂ ಒಂದು ವಿಗ್ರಹದ ಕಿರೀಟ, ಹಾರ, ತೋಳಬಂದಿ, ಸೊಂಟದ ಪಟ್ಟಿಗಳನ್ನು ಗಮನಿಸಿ: ಎಲ್ಲೆಲ್ಲೂ ಸಾಲುಸಾಲಾದ ಗುಂಡುಮಣಿಗಳು. ಕಾಳಿನ ಸಾಲನ್ನು ಕೆತ್ತಲು ಅವನಿಗೆ ಜೋಳದ ತೆನೆಯನ್ನು ಕಂಡಿರಬೇಕಾದ ಅಗತ್ಯವಿರಲಿಲ್ಲ, ಉಳಿಗೆ ಆ ಅಭ್ಯಾಸ ಇದ್ದೇ ಇತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಹೊಲದ್ದು. ಧಾನ್ಯ ಬೆಳೆದರೆ ಕಣದಲ್ಲಿ, ಒಲೆಯಲ್ಲಿ, ತಿಪ್ಪೆಯಲ್ಲಿ ಉಳಿಯುತ್ತದೆ. ಶಾಸನಗಳ ತೆರಿಗೆ ಪಟ್ಟಿಯಲ್ಲಿ, ಅಡುಗೆಯ ಗ್ರಂಥಗಳಲ್ಲಿ ಕಾಣಿಸಿಕೊಳ್ಳುತ್ತದೆ. ಭತ್ತ, ರಾಗಿ, ಜೋಳ, ಹೆಸರು, ಎಳ್ಳುಗಳಿಗೆ ಇರುವ ಹಳೆಯ ಹೆಸರು-ಕುರುಹುಗಳು ಇದಕ್ಕಿಲ್ಲ. ನಮ್ಮ ಭಾಷೆಯೂ ಇದನ್ನು ಗುರುತಿಸಿದ್ದು ಹಳೆಯ ಜೋಳಕ್ಕೆ ಒಂದು ವಿಶೇಷಣ ಹಚ್ಚಿ: ಮುಸುಕು ಹೊದ್ದ ಜೋಳ. ಮನೆಗೆ ತಡವಾಗಿ ಬಂದ ಅತಿಥಿಯನ್ನು ಕರೆಯುವ ರೀತಿ ಇದು.

ಹಾಗೆಂದು ಹೊಯ್ಸಳ ನಾಡಿಗೆ ಕಡಲು ಅಪರಿಚಿತವಾಗಿತ್ತೆಂದು ತಿಳಿಯಬಾರದು. ನಮ್ಮ ಪಕ್ಕದ ಅರಸೀಕೆರೆ ಅಂದು ದೊಡ್ಡ ವ್ಯಾಪಾರಸ್ಥಳ. ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ವರ್ತಕನನ್ನು ಅಲ್ಲಿಯ ಶಾಸನವೊಂದು ಹೊಗಳುತ್ತದೆ. ಅಯ್ಯಾವೊಳೆಯ ಐನೂರ್ವರ ಬಳಗದವರು 1088ರಷ್ಟು ಹಿಂದೆಯೇ ಸುಮಾತ್ರಾದಲ್ಲಿ ತಮಿಳು ಶಾಸನ ಹಾಕಿಸಿದ್ದರು. ಹತ್ತು ವರ್ಷ ಹುಡುಗರಿಗೆ ಇಲ್ಲದ ಅಮೆರಿಕ ಯಾತ್ರೆಯನ್ನು ಹೇಳಿದ ನಾನು, ಎಂಟು ಕಿಲೋಮೀಟರ್ ದೂರದ ಅರಸೀಕೆರೆಯ ಈ ವರ್ತಕನ ಹೆಸರನ್ನು ಒಮ್ಮೆಯಾದರೂ ಎತ್ತಲಿಲ್ಲ. ಕಡಲಿನಿಂದ ಇಷ್ಟು ದೂರದ, ತೆಂಗು-ರಾಗಿಯ ಊರಿಗೆ ಮುತ್ತು ಬಂದು ತಲಪಿದ ದಾರಿ ಯಾವ ತೆಪ್ಪದ ಯಾತ್ರೆಗೂ ಕಡಮೆಯದಲ್ಲ. ಆ ಮುತ್ತುಗಳೇ ಕಲ್ಲಿನ ಹಣ್ಣಾದವೋ ಏನೋ. ಇದು ನನ್ನ ಊಹೆ ಮಾತ್ರ; ಊಹೆಯೆಂದೇ ಓದಿಕೊಳ್ಳಬೇಕು.

ಹಳೆಯ ಬಗೆಯ ನಾವೆಯನ್ನು ಕಟ್ಟಿ ನೋಡುವ ಹುಚ್ಚು ಈಗ ನಮ್ಮ ದೇಶಕ್ಕೂ ಬಂದಿದೆ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು 2026ರ ಜನವರಿ ಮಧ್ಯದಲ್ಲಿ ಮಸ್ಕತ್ ಸೇರಿತು. ದೂರದರ್ಶನದಲ್ಲಿ ಅದನ್ನು ನೋಡಿದಾಗ, ಕೆರೆಯಲ್ಲಿ ಮಟ್ಟೆ ನೆನೆಹಾಕಿ, ಬಡಿದು, ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದ ಊರಿನ ಹಿರಿಯರ ಅಂಗೈಗಳು ಕಣ್ಣಿಗೆ ಕಟ್ಟಿದವು. ಈ ಪ್ರಯತ್ನ ನನಗೆ ಹಿಡಿಸಿತು. ಅರಬ್ಬಿ ಸಮುದ್ರದ ವ್ಯಾಪಾರಕ್ಕೆ ಬೇರೆ ಸಾಕ್ಷಿಗಳು ರಾಶಿಯಾಗಿರುವುದರಿಂದ, ಹಡಗು ಇಲ್ಲಿ ತಿಳಿದ ಸಂಗತಿಯ ವಿಧಾನವನ್ನು ವಿವರಿಸುತ್ತದೆ. ಹಗ್ಗ ಎಷ್ಟು ಎಳೆತ ತಾಳುತ್ತದೆ, ನೀರು ಎಷ್ಟು ಸೋರುತ್ತದೆ ಎಂಬುದು ಪುಸ್ತಕದಿಂದ ತಿಳಿಯುವ ವಿದ್ಯೆಯಲ್ಲ.

ಇಷ್ಟನ್ನೂ ಆ ಸಂಜೆ ಹೇಳಲು ಹೊತ್ತಿರಲಿಲ್ಲ. "ನಾನು ಹೇಳಿದ್ದು ತಪ್ಪು ಕಣಪ್ಪ" ಎಂದಷ್ಟೇ ಶುರುಮಾಡಿದೆ. ಆತನ ಮುಖ ಪೆಚ್ಚಾಯಿತು. ಈಚೆಗೆ, 2023ರಲ್ಲಿ ಬೇಲೂರು ಹಳೇಬೀಡು ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಹೊರಗಿನಿಂದ ಬಂದ ಸ್ನೇಹಿತರಿಗೆಲ್ಲ ಅವನು ಈ ಕಥೆಯನ್ನೇ ಹೇಳುತ್ತಿದ್ದನಂತೆ. ಹುಡುಗನಿಗೆ ಮಾತ್ರ ಬೇಸರವಾದಂತೆ ತೋರಲಿಲ್ಲ. "ಹಾಗಾದ್ರೆ ಅವರ ಕೈಲಿರೋದು ಏನು ತಾತ?" ಎಂದು ಗೋಡೆಯ ಹತ್ತಿರಕ್ಕೇ ಎಳೆದುಕೊಂಡು ಹೋದ. ನಮ್ಮ ಗುಡಿಯ ಗೋಡೆಯ ವಿಗ್ರಹಗಳಲ್ಲಿ ಹಲವು ಕೈಗಳು ಮುರಿದಿವೆ, ಕೆಲವು ಸವೆದಿವೆ. ಒಂದು ಕೈಯಲ್ಲಿ ದುಂಡನೆಯ ಫಲವಿತ್ತು. ಮಾದಲವೋ ಮತ್ತೊಂದೋ ಆ ಬೆಳಕಿನಲ್ಲಿ ನಿರ್ಧರಿಸಲಾಗಲಿಲ್ಲ. ಹುಡುಗ ಮೊಬೈಲಿನ ದೀಪ ಹಚ್ಚಿ ಹಿಡಿದ, ಆದರೂ ತಿಳಿಯಲಿಲ್ಲ.

ಹೊರಡುವಾಗ ನನ್ನ ವಿದ್ಯಾರ್ಥಿ, "ಮೇಷ್ಟ್ರೇ, ಪರೀಕ್ಷೇಲಿ ಅದನ್ನ ಬರೆದಿದ್ದಕ್ಕೆ ನೀವೇ ಎರಡು ಮಾರ್ಕ್ಸು ಜಾಸ್ತಿ ಕೊಟ್ಟಿದ್ರಿ" ಎಂದು ನೆನಪಿಸಿದ. ಅವೆರಡನ್ನೂ ವಾಪಸು ತೆಗೆದುಕೊಂಡಿದ್ದೇನೆ ಎಂದೆ. ಹುಡುಗ ಗಟ್ಟಿಯಾಗಿ ನಕ್ಕ. ಆ ಹತ್ತು ವರ್ಷಗಳ ಉಳಿದ ಹುಡುಗ ಹುಡುಗಿಯರು ಈಗ ಎಲ್ಲೆಲ್ಲಿರುವರೋ ತಿಳಿಯದು; ಅವರಲ್ಲಿ ಯಾರಾದರೂ ಓದಿಯಾರೆಂದು ಇಷ್ಟನ್ನು ಬರೆದಿಟ್ಟಿದ್ದೇನೆ.